ಒಂದು ಅಕ್ಕಿಕಾಳಿನಷ್ಟು

ಬಾಗಿಲು ತಟ್ಟಿದಾಗ ಒಲೆಗೆ ಸೀಮೆಎಣ್ಣೆ ತುಂಬುತ್ತಿದ್ದೆ.
ಎದುರು ಕಟ್ಟಡದ ನಾಲ್ಕನೇ ಮಹಡಿಯ ಚಿಗುಸಾ
ಮುಷ್ಟಿ ಬಿಗಿದು ನಿಂತಿದ್ದಾಳೆ,
ಬಾಯಲ್ಲೊಂದು ಕಿಟಕಿ ತೆರೆದಿದೆ.
"ಇವಾಓ ತಾತ, ನಿಮ್ಮ ಮನೆಗೆ ಮಾಡು ಇದೆಯಲ್ಲ?"

ಇದೆ. ತಗಡಿನದು, ಉಪ್ಪುಗಾಳಿ ತಿಂದದ್ದು,
ಮಂಜು ಕವಿದ ದಿನ ಅದರ ಮೇಲೆ
ಕಡಲಕ್ಕಿಗಳ ನಡಿಗೆಯಷ್ಟೇ ಕೇಳುತ್ತದೆ.
ಕೆಳಸಾಲಿನ ಹಲ್ಲು ಬಿದ್ದರೆ ಮಾಡಿಗೆ ಎಸೆಯಬೇಕು,
ಮೇಲ್ಸಾಲಿನದಾದರೆ ನೆಲಹಲಗೆಯ ಅಡಿಗೆ,
ಹೊಸ ಹಲ್ಲು ಆ ದಿಕ್ಕಿಗೇ ಬೆಳೆಯುತ್ತದೆ;
ಕುಶಿರೋದಲ್ಲಿ ನಾವೂ ಹಾಗೇ ಎಸೆದು ಬೆಳೆದವರು.
ನಾಲ್ಕನೇ ಮಹಡಿಗೆ ಮಾಡೆಲ್ಲಿ, ನೆಲವೆಲ್ಲಿ?
ಮೇಲೆ ಐದನೆಯವರ ನೆಲ, ಕೆಳಗೆ ಮೂರನೆಯವರ ಸೂರು.

ಕೊಡು, ಎಸೆಯೋಣ ಅಂದೆ.
"ಬರಿ ಹಲ್ಲನ್ನಾ? ಚಳಿಯಾಗಲ್ವಾ ಅದಕ್ಕೆ?"
ಡಬ್ಬಿ ಬೇಕಂತೆ. ಮುಚ್ಚಳ ಇರುವಂಥದ್ದು,
ಉಡುಗೊರೆ ಕೊಡುವಾಗ ಮಾಡುವಂಥದ್ದು.
ಒಂಟಿ ಮುದುಕನ ಮನೆಯಲ್ಲಿ ಬಣ್ಣದ ಕಾಗದ ಎಲ್ಲಿಂದ ಬರಬೇಕು?
ಟ್ರಂಕಿನ ತಳದಿಂದ ಹಳೆಯ ಕಡಲನಕ್ಷೆ ತೆಗೆದು
ಕತ್ತರಿ ಹಾಕಿದೆ. ಎರಡು ಚೌಕ, ಗೇಣಗಲ.

ಗಂಟು ಹಾಕುವುದರಲ್ಲಿ ನಾನು ಎತ್ತಿದ ಕೈ.
ಮಡಿಸುವುದೆಂದರೆ, ಎಡಗೈಗೆ ಮೂರೇ ಬೆರಳು.
ಅವತ್ತು ಬಲೆ ಎಳೆಯುವ ರಾಟೆ ಕೈಕೊಟ್ಟಿತು
ಅನ್ನುತ್ತಾರೆ ಬಂದರಿನಲ್ಲಿ.
ಕೊಟ್ಟದ್ದು ನಾನು.

"ನಾನು ಹೇಳಿಕೊಡ್ತೀನಿ" ಎಂದು ಕೂತಳು ಏಳು ವರ್ಷದ ಟೀಚರಮ್ಮ.
ನಾಲ್ಕು ಮೂಲೆಯೂ ನಡುವಿಗೆ ಬರಲಿ.
ಉಗುರಿನಿಂದ ಎಳೆಯಿರಿ, ಗೆರೆ ಕೂರಲಿ.
ಈಗ ಈ ಬದಿ ನಡುಗೆರೆಗೆ. ಆ ಬದಿಯೂ.
ಬಿಚ್ಚಿ.
"ಬಿಚ್ಚುವುದಾದರೆ ಮಡಿಸಿದ್ದು ಯಾಕೆ?"
"ಕಾಗದಕ್ಕೆ ಗೊತ್ತಿರಲಿ ಅಂತ."

ಎರಿಮೊ ಭೂಶಿರ ಒಂದು ಮೂಲೆಗೆ ಹೋಯಿತು.
ಅದರಾಚೆಯ ಆಳದ ಅಂಕಿಗಳು,
ನೂರಿಪ್ಪತ್ತು, ನೂರನಲವತ್ತು,
ಗೋಡೆಯಾಗಿ ಎದ್ದು ನಿಂತವು.
ಪೆನ್ಸಿಲ್ಲಿನ ಸಣ್ಣದೊಂದು ಇಂಟು ಗುರುತಿತ್ತು, ನನ್ನದೇ ಕೈಯದು,
ತೊರಾಜಿಯೂ ಅವನ ತಮ್ಮನೂ ಮಡಿದ ಜಾಗ.
ಅದು ಎರಡನೆಯ ಮಡಿಕೆಯೊಳಗೆ ಸೇರಿಕೊಂಡಿತು.
ನಾನೇನೂ ಹೇಳಲಿಲ್ಲ.
ಅವಳು ಅದರ ಮೇಲೆ ಉಗುರೆಳೆದಳು,
ಗಟ್ಟಿಯಾಗಿ, ಎರಡು ಸಲ.

ಮುಚ್ಚಳದ ಸರದಿ. ಅದೇ ಅಳತೆ, ಅದೇ ಮಡಿಕೆ,
ಮುಗಿಸಿ ಹಾಕಿದರೆ ಕೂರುವುದಿಲ್ಲ.
ಒಂದೇ ಬಾಗಿಲಲ್ಲಿ ಒಟ್ಟಿಗೇ ನುಗ್ಗುವ
ಇಬ್ಬರು ದಡಿಯರ ಹಾಗೆ ಡಬ್ಬಿಯೂ ಮುಚ್ಚಳವೂ.
"ಅಯ್ಯೋ ತಾತ, ನಡುಗೆರೆ ಮುಟ್ಟಿಸಿಬಿಟ್ರಿ!
ಮುಚ್ಚಳಕ್ಕೆ ಮುಟ್ಟಿಸಬಾರದು.
ಒಂದು ಅಕ್ಕಿಕಾಳಿನಷ್ಟು ಬಿಡಬೇಕು, ಎರಡೂ ಕಡೆ."
ಅಡುಗೆಮನೆಗೆ ಹೋಗಿ ನಿಜವಾಗಿಯೂ ಒಂದು ಕಾಳು ತಂದೆ,
ಗೆರೆಯ ಪಕ್ಕ ಇಟ್ಟು ಅಳೆದೆ.
ನಕ್ಕಳು. ಕಿಟಕಿಯಿಂದ ಗಾಳಿ ಬಂತು.
ಈ ಸಲ ಕೂತಿತು.

ಹಲ್ಲು ಒಳಗೆ. ಅಲ್ಲಾಡಿಸಿದರೆ ಟಿಕ್ ಟಿಕ್.
ಆ ಕಾಳೂ ಒಳಗಿರಲಿ ಅಂದಳು,
ಹೊಸ ಹಲ್ಲು ತರುವ ಇಲಿಗೆ ಹಸಿವಾದರೆ?

ಅಂಗಳಕ್ಕೆ ಬಂದೆವು. ಏಣಿ ಬೇಡವಂತೆ.
ಎಸೆಯಲು ಕೈ ಎತ್ತಿದವಳು ನಿಂತು
ನನ್ನ ಎಡಗೈ ನೋಡಿದಳು.
"ನಿಮ್ಮ ಬೆರಳುಗಳನ್ನ ಎತ್ತ ಎಸೆದಿರಿ?"

ಆಸ್ಪತ್ರೆಯವರು ಕೇಳಿರಲಿಲ್ಲ, ವಿಮೆಯವರು ಕೇಳಿರಲಿಲ್ಲ.
"ಎಸೆಯಲಿಲ್ಲ. ಬಿದ್ದವು. ಕಡಲಿಗೆ."
ಲೆಕ್ಕ ಹಾಕಿದಳು,
ಮಾಡೂ ಅಲ್ಲ, ನೆಲದಡಿಯೂ ಅಲ್ಲ.
"ಹಾಗಾದ್ರೆ ಸ್ವಲ್ಪ ತಡ ಆಗುತ್ತೆ."

ಆಮೇಲೆ ಎಸೆದಳು.
ತಗಡಿನ ಮೇಲೆ ನನ್ನ ಕಡಲು ಒಮ್ಮೆ ಪುಟಿದು,
ಜಾರಿ, ಸೂರಿನ ದೋಣಿಯಲ್ಲಿ ಸಿಕ್ಕಿಕೊಂಡಿತು.
ಕಡಲಕ್ಕಿಯೊಂದು ಬಂದು
ಒಂದೇ ಕಣ್ಣಲ್ಲಿ ನೋಡಿ ಹೋಯಿತು.

ರಾತ್ರಿ ಸೋನೆ ಹಿಡಿದಿದೆ.
ಕಾಗದ ನೆನೆದು ಬಿಚ್ಚಿಕೊಳ್ಳುತ್ತಿರಬೇಕು.
ಊಟಕ್ಕೆ ಮುಂಚೆ ಕೈ ತೊಳೆಯುವಾಗ
ದೀಪದ ಹತ್ತಿರ ಹಿಡಿದು ನೋಡಿದೆ ಎಡಗೈಯನ್ನು,
ಬುಡದಲ್ಲಿ, ತುಸು ಹೊತ್ತು.